ಕಲ್ಲಿನ ಲೆಕ್ಕ: ಯಾವ ಬಿಂದು ಕಳಿಸಬೇಕು, ಯಾವುದನ್ನು ಬಿಡಬೇಕು

(ಬಾಗಲಕೋಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಅಂದರೆ ಸಾಹಿತ್ಯ, ಇಲ್ಲವೆ ಶರಣರ ವಿಚಾರ ಎಂಬ ರೂಢಿ ನಮ್ಮ ಕಡೆ ಇದೆ. ಈ ಸಲ ಎಂಜಿನಿಯರಿಂಗ್ ವಿಷಯ ಬೇಕು, ಅದೂ ಸೂತ್ರ ಬರೆಯದೆ ಹೇಳಬೇಕು ಎಂದು ಸಂಘಟಕರು ಕೇಳಿದರು. ಗುಡಿ, ಶಾಸನ, ಹೊಲ, ಕ್ವಾರಿಗಳ ಮೂರು ಆಯಾಮದ ಅಳತೆಯನ್ನು ಕಂಪ್ಯೂಟರಿನಲ್ಲಿ ಚಿಕ್ಕದಾಗಿ ಹಿಡಿಸಿ ದೂರದೂರಿಗೆ ಕಳಿಸುವುದು ಹೇಗೆ ಎಂಬುದು ನಾನು ಆರಿಸಿಕೊಂಡ ವಿಷಯ. ಇದಕ್ಕೆ ಈ ಜಿಲ್ಲೆಗಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ಗೊತ್ತಿಲ್ಲ.

ಕೆಲಸ ನಡೆಯುವ ರೀತಿ ಹೀಗೆ. ಲೇಸರ್ ಸ್ಕ್ಯಾನರನ್ನು ಟ್ರೈಪಾಡಿನ ಮೇಲೆ ಕೂರಿಸಿ ಗುಡಿಯ ಮುಂದೆ ನಿಲ್ಲಿಸುತ್ತಾರೆ. ಅದು ಸುತ್ತ ತಿರುಗುತ್ತ ಕಿರಣ ಬಿಡುತ್ತದೆ. ಕಿರಣ ಕಲ್ಲಿಗೆ ತಾಗಿ ಮರಳಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಈಗಿನ ಒಳ್ಳೆಯ ಯಂತ್ರಗಳು ಸೆಕೆಂಡಿಗೆ ಹತ್ತು ಲಕ್ಷ ಬಿಂದುಗಳನ್ನು ಅಳೆಯುತ್ತವೆ. ಡ್ರೋನಿನಿಂದ ತೆಗೆದ ನೂರಾರು ಫೋಟೊಗಳನ್ನು ತಾಳೆ ಹಾಕಿಯೂ ಇಂಥ ಬಿಂದುಗಳನ್ನು ಪಡೆಯಬಹುದು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಗಾಂವಠಾಣ ಅಳೆಯಲು ಡ್ರೋನು ಹಾರಿದ್ದನ್ನು ಹಳ್ಳಿಯವರು ನೋಡಿದ್ದೀರಿ. ಹೀಗೆ ಸಿಗುವ ಬಿಂದುಗಳ ರಾಶಿಗೆ ಪಾಯಿಂಟ್ ಕ್ಲೌಡ್ ಎನ್ನುತ್ತಾರೆ. ಅದರಲ್ಲಿ ಗೋಡೆಯಿಲ್ಲ, ಕಂಬವಿಲ್ಲ, ಮೂರ್ತಿಯಿಲ್ಲ. ಇಲ್ಲೊಂದು ಬಿಂದು, ಅಲ್ಲೊಂದು ಬಿಂದು, ಪ್ರತಿಯೊಂದಕ್ಕೂ ಉದ್ದ, ಅಗಲ, ಎತ್ತರದ ಮೂರು ಅಂಕಿ, ಜೊತೆಗೆ ಬಣ್ಣ. ಅಷ್ಟೇ.

ಗಾತ್ರದ ಲೆಕ್ಕ ನೋಡೋಣ. ಸರ್ವೆಯವರು ಬಳಸುವ ಎಲ್‌ಎಎಸ್ ಎಂಬ ಫೈಲ್ ಮಾದರಿಯಲ್ಲಿ, ಬಣ್ಣವೂ ಸೇರಿದ ಒಂದು ಬಿಂದುವಿಗೆ 26 ಬೈಟ್ ಬೇಕು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಒಳಗೂ ಹೊರಗೂ ನೂರು ಕೋಟಿ ಬಿಂದುಗಳಲ್ಲಿ ಹಿಡಿದೆವು ಎಂದುಕೊಳ್ಳಿ. ಅದು ಅತಿಯಾಸೆಯೇನಲ್ಲ, ಪ್ಯಾರಿಸಿನ ನೋತ್ರ್ ದಾಮ್ ಇಗರ್ಜಿಯನ್ನು ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ನೂರು ಕೋಟಿಗೂ ಮಿಕ್ಕ ಬಿಂದುಗಳಲ್ಲಿ ಅಳೆದಿದ್ದರು, 2019ರ ಏಪ್ರಿಲ್ 15ರಂದು ಅದಕ್ಕೆ ಬೆಂಕಿ ಬಿದ್ದಮೇಲೆ ಆ ಅಳತೆಯ ಬೆಲೆ ಲೋಕಕ್ಕೆ ತಿಳಿಯಿತು. ನೂರು ಕೋಟಿ ಬಿಂದು ಅಂದರೆ 26 ಗಿಗಾಬೈಟ್. ಸೆಕೆಂಡಿಗೆ 20 ಮೆಗಾಬಿಟ್ ಸಾಗಿಸುವ ಲೈನಿನಲ್ಲಿ ಅದು ಹೋಗಿ ಮುಟ್ಟಲು ಹತ್ತಿರ ಹತ್ತಿರ ಮೂರು ತಾಸು, ಅದೂ ನಡುವೆ ಕರೆಂಟು ಹೋಗದಿದ್ದರೆ. ಒಂದು ಗುಡಿಗೆ ಇಷ್ಟು. ಐಹೊಳೆಯಲ್ಲಿ ಗುಡಿಗಳು ನೂರಕ್ಕೂ ಹೆಚ್ಚು. ಹಾರ್ಡ್ ಡಿಸ್ಕನ್ನು ಕೊರಿಯರಿಗೆ ಕೊಡುವುದೇ ವಾಸಿ ಎಂದು ಬಹಳ ಕಡೆ ಇಂದಿಗೂ ಹಾಗೇ ಮಾಡುತ್ತಾರೆ.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಂಪಿಯನ್ನು ಇಟ್ಟುಕೊಂಡು ಡಿಜಿಟಲ್ ಪರಂಪರೆಯ ಯೋಜನೆಯೊಂದನ್ನು ನಡೆಸಿತು. ಅದರಲ್ಲಿ ಐಐಟಿಗಳ ಜೊತೆ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, ಅಂದರೆ ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತು. ಆ ಕೆಲಸದ ಲೇಖನಗಳು 2017ರಲ್ಲಿ ‘ಡಿಜಿಟಲ್ ಹಂಪಿ’ ಎಂಬ ಪುಸ್ತಕವಾಗಿ ಬಂದಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಅಳೆಯುವ ವಿದ್ಯೆ ಬಂತು. ಅಳೆದದ್ದನ್ನು ಎಷ್ಟಕ್ಕೆ ಇಳಿಸಬೇಕು ಎಂಬ ವಿವೇಕ ಇನ್ನೂ ಬರಬೇಕಿದೆ. ನನ್ನ ತಕರಾರು ಇರುವುದು ಅಲ್ಲಿ.

ಮೊದಲು ಸುಲಭದ ಉಳಿತಾಯ. ಸ್ಕ್ಯಾನರಿನ ಅಳತೆಯಲ್ಲಿ ಎರಡು ಮಿಲಿಮೀಟರ್ ಆಚೀಚೆ ಆಗುವುದು ಸಹಜ. ಆದರೂ ಅನೇಕ ಫೈಲುಗಳಲ್ಲಿ ಮಿಲಿಮೀಟರಿನ ಸಾವಿರದ ಒಂದು ಪಾಲಿನವರೆಗೆ ಅಂಕಿ ಬರೆದಿಟ್ಟಿರುತ್ತಾರೆ. ಆ ಕೊನೆಯ ಅಂಕಿಗಳು ಕಲ್ಲಿನದಲ್ಲ, ಯಂತ್ರದ ನಡುಕದ್ದು. ನಡುಕಕ್ಕೆ ಯಾವ ಕ್ರಮವೂ ಇಲ್ಲದ ಕಾರಣ ಅದನ್ನು ಯಾವ ಜಾಣ ಪ್ರೋಗ್ರಾಮೂ ಕುಗ್ಗಿಸಲಾರದು. ಒಂದು ದಶಾಂಶ ಅಂಕಿ ಅಂದರೆ ಸುಮಾರು 3.3 ಬಿಟ್, ಮೂರು ದಿಕ್ಕಿಗೆ 10 ಬಿಟ್, ನೂರು ಕೋಟಿ ಬಿಂದುಗಳಿಗೆ 1.25 ಗಿಗಾಬೈಟ್. ಅರ್ಥವಿಲ್ಲದ ಪ್ರತಿ ಅಂಕಿಗೂ ತೆರುವ ತೆರಿಗೆ ಇದು. ಜರ್ಮನಿಯ ಮಾರ್ಟಿನ್ ಐಸೆನ್‌ಬರ್ಗ್ ಈ ಹುಸಿ ನಿಖರತೆಯ ವಿರುದ್ಧ ಜೀವನಪೂರ್ತಿ ಹೋರಾಡಿದ ಮನುಷ್ಯ. ಆತ ಬರೆದ ಲಾಸ್‌ಜಿಪ್ ಎಂಬ ಮುಕ್ತ ಪ್ರೋಗ್ರಾಮು ಒಂದು ಬಿಟ್ಟೂ ಕಳೆಯದೆ ಎಲ್‌ಎಎಸ್ ಫೈಲನ್ನು ಮೂಲದ ಶೇ. 7ರಿಂದ 25ರಷ್ಟಕ್ಕೆ ಇಳಿಸುತ್ತದೆ. ಐಸೆನ್‌ಬರ್ಗ್ 2021ರಲ್ಲಿ ತೀರಿಕೊಂಡರು. ಪ್ರೋಗ್ರಾಮು ಇವತ್ತೂ ಪ್ರಪಂಚದ ಸರ್ವೆ ಇಲಾಖೆಗಳಲ್ಲಿ ದುಡಿಯುತ್ತಿದೆ.

ಇನ್ನು ಮುಖ್ಯ ಉಪಾಯ. ಒಂದೇ ಊರಿನ ನೂರು ಉತಾರಗಳ ಪಟ್ಟಿ ಬರೆಯುವಾಗ ತಲಾಠಿ ಪ್ರತಿ ಸಾಲಿನಲ್ಲೂ ಜಿಲ್ಲೆ ಬಾಗಲಕೋಟೆ, ತಾಲೂಕು ಹುನಗುಂದ ಎಂದು ಬರೆಯುತ್ತ ಕೂರುವುದಿಲ್ಲ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮವನ್ನು ಹಾಳೆಯ ಮೇಲೆ ಒಮ್ಮೆ ಬರೆದು ಕೆಳಗೆ ಸರ್ವೆ ನಂಬರು, ಹಿಸ್ಸಾ ಅಷ್ಟೇ ಬರೆಯುತ್ತಾನೆ. ಬಿಂದುಗಳಿಗೂ ಹೀಗೇ ವಿಳಾಸ ಕೊಡಬಹುದು. ಗುಡಿಯನ್ನು ಪ್ರತಿ ಕಡೆ 64 ಮೀಟರ್ ಇರುವ ಒಂದು ಘನದೊಳಗೆ ಇಡಿ. ಅದನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಅರ್ಧ ಮಾಡಿದರೆ ಎಂಟು ಘನಗಳು. ಯಾವುದರಲ್ಲಿ ಬಿಂದು ಇದೆ, ಯಾವುದು ಖಾಲಿ ಎಂಬುದನ್ನು ಎಂಟು ಬಿಟ್‌ಗಳಲ್ಲಿ, ಅಂದರೆ ಒಂದೇ ಬೈಟಿನಲ್ಲಿ ಗುರುತಿಸಿ. ಖಾಲಿಯನ್ನು ಅಲ್ಲೇ ಬಿಟ್ಟುಬಿಡಿ. ತುಂಬಿದ್ದನ್ನು ಮತ್ತೆ ಎಂಟು ಮಾಡಿ. ಆರು ಹಂತಕ್ಕೆ ಒಂದು ಮೀಟರಿನ ಘನ ಸಿಗುತ್ತದೆ, ಇನ್ನೂ ಹತ್ತು ಹಂತ ಇಳಿದರೆ ಒಂದು ಮಿಲಿಮೀಟರಿಗಿಂತ ತುಸು ಚಿಕ್ಕದು. ಇದಕ್ಕೆ ಆಕ್ಟ್ರೀ ಎಂದು ಹೆಸರು. ಅಮೆರಿಕದ ಡೊನಾಲ್ಡ್ ಮೀಗರ್ 1980ರಲ್ಲಿ ಇದನ್ನು ವಿವರಿಸಿದ.

ಉಳಿತಾಯ ಎಷ್ಟು? ನೇರವಾಗಿ ಬರೆದರೆ ಹದಿನಾರು ಹಂತಕ್ಕೆ ಪ್ರತಿ ದಿಕ್ಕಿಗೆ 16 ಬಿಟ್, ಬಿಂದುವಿಗೆ 48 ಬಿಟ್. ಸ್ಕ್ಯಾನರು ಕಾಣುವುದು ಕಲ್ಲಿನ ಮೇಲ್ಮೈಯನ್ನು ಮಾತ್ರ, ಒಡಲನ್ನಲ್ಲ. ಆದ್ದರಿಂದ ಎಂಟು ಘನಗಳಲ್ಲಿ ಸರಾಸರಿ ನಾಲ್ಕರಲ್ಲಷ್ಟೇ ಬಿಂದುಗಳಿರುತ್ತವೆ. ಕೆಳಗಿನಿಂದ ಮೇಲಕ್ಕೆ ಕೂಡಿಸುತ್ತ ಹೋದರೆ, ಬಿಂದುಗಳ ಕಾಲುಭಾಗ, ಅದರ ಕಾಲುಭಾಗ, ಮತ್ತೆ ಅದರ ಕಾಲುಭಾಗ, ಒಟ್ಟು ಮೂರನೆಯ ಒಂದರಷ್ಟು ಬೈಟ್. ಬಿಂದುವಿಗೆ 2.7 ಬಿಟ್ ಸಾಕಾಯಿತು. ಬಿಂದುಗಳು ಕೊನೆಯ ಹಂತದವರೆಗೂ ದಟ್ಟವಾಗಿದ್ದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಬಿಂದುಗಳ ನಡುವೆ ಐದು ಮಿಲಿಮೀಟರ್ ಅಂತರವಿದ್ದು ಒಂದು ಮಿಲಿಮೀಟರಿನವರೆಗೆ ಸೀಳುತ್ತ ಹೋದರೆ, ಕೊನೆಯ ಹಂತಗಳಲ್ಲಿ ಪ್ರತಿ ಬಿಂದುವೂ ಒಂಟಿ, ಪ್ರತಿ ಹಂತಕ್ಕೂ ಅದು ಕನಿಷ್ಠ ಮೂರು ಬಿಟ್ ಕೇಳುತ್ತದೆ.

2.7ಕ್ಕೇ ನಿಲ್ಲಬೇಕಿಲ್ಲ. ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಊಹಿಸಬಹುದಾದದ್ದನ್ನು ಕಳಿಸಲು ಖರ್ಚು ಕಡಿಮೆ, ಊಹೆಗೆ ಸಿಗದ್ದಕ್ಕೆ ಹೆಚ್ಚು. ಅಕ್ಕಪಕ್ಕದ ಘನಗಳಲ್ಲಿ ಕಲ್ಲಿದ್ದರೆ ಇದರಲ್ಲೂ ಇರುವ ಸಂಭವ ಜಾಸ್ತಿ. ಆ ಸಂಭವವನ್ನು ಕಳಿಸುವವನೂ ಪಡೆಯುವವನೂ ಒಂದೇ ರೀತಿ ಲೆಕ್ಕ ಹಾಕಿಕೊಂಡರೆ, ಊಹೆ ನಿಜವಾದ ಕಡೆ ಬಿಟ್ಟಿನ ಒಂದು ಚೂರು ಸಾಕು. ವಿಡಿಯೊ ಮಾನದಂಡಗಳನ್ನು ರೂಪಿಸುವ ಎಂಪೆಗ್ ಸಂಸ್ಥೆ ಪಾಯಿಂಟ್ ಕ್ಲೌಡ್ ಕುಗ್ಗಿಸುವ ವಿಧಾನಗಳಿಗಾಗಿ 2017ರಲ್ಲಿ ಕರೆ ಕೊಟ್ಟು ಎರಡು ಮಾನದಂಡಗಳನ್ನು ರೂಪಿಸಿತು. ವಿ-ಪಿಸಿಸಿ 2021ರಲ್ಲಿ ಬಂತು, ಬಿಂದುಗಳನ್ನು ಚಪ್ಪಟೆ ಚಿತ್ರಗಳಾಗಿ ಹರಡಿ ನಮ್ಮ ಫೋನುಗಳಲ್ಲಿರುವ ವಿಡಿಯೊ ಯಂತ್ರಕ್ಕೇ ಒಪ್ಪಿಸುವ ದಾರಿ ಅದರದು. ಶ್ರೀಕೃಷ್ಣ ಪಾರಿಜಾತದ ಆಟವನ್ನು ಸುತ್ತಲಿನಿಂದ ನೋಡುವಂತೆ ಹಿಡಿಯಬೇಕಾದರೆ ಅದು ತಕ್ಕದ್ದು. ಜಿ-ಪಿಸಿಸಿ 2023ರದು, ಆಕ್ಟ್ರೀ ಮತ್ತು ಊಹೆಯ ಲೆಕ್ಕ ಅದರ ಬೆನ್ನೆಲುಬು, ಗುಡಿ ಗೋಡೆಗಳಿಗೆ ಅದೇ ಸರಿ. ದಟ್ಟ ರಾಶಿಗಳಲ್ಲಿ ಅದು ಆಕಾರವನ್ನು ಬಿಂದುವಿಗೆ ಸುಮಾರು ಒಂದು ಬಿಟ್ಟಿಗೆ ಇಳಿಸುತ್ತದೆ. ಬಣ್ಣದ ಖರ್ಚು ಬೇರೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ, ಆ ಅರ್ಥವಿಲ್ಲದ ಅಂಕಿಗಳನ್ನು ಬಿಟ್ಟರೆ, ಕಲ್ಲಿನ ಆಕಾರಕ್ಕೆ ನಷ್ಟವಿಲ್ಲ. ಜನರಿಗೆ ಇಷ್ಟಕ್ಕೇ ಸಮಾಧಾನವಾಗುವುದಿಲ್ಲ, ಇನ್ನೂ ಚಿಕ್ಕದು ಬೇಕು. ಆಗ ಕಳೆಯಲೇಬೇಕಾಗುತ್ತದೆ. ಏನನ್ನು ಕಳೆಯಬೇಕು?

ಕಳೆದದ್ದು ಎಷ್ಟು ಎಂದು ಹೇಳಲು ಈ ಕ್ಷೇತ್ರದಲ್ಲಿ ರೂಢಿಯಾದ ಅಳತೆ ಒಂದಿದೆ. ಮೂಲದ ಬಿಂದುವಿಗೂ ಕುಗ್ಗಿಸಿ ಬಿಡಿಸಿದ ಬಿಂದುವಿಗೂ ಇರುವ ದೂರವನ್ನು ವರ್ಗ ಮಾಡಿ ಸರಾಸರಿ ತೆಗೆಯುವುದು. ಮಾನದಂಡಗಳ ಪೈಪೋಟಿಯೆಲ್ಲ ಈ ಅಂಕಿಯ ಮೇಲೆ ನಡೆಯುತ್ತದೆ. ಇದನ್ನು ಐಹೊಳೆಗೆ ಒಯ್ಯೋಣ. ಮೇಗುತಿ ಬಸದಿಯ ಗೋಡೆಯಲ್ಲಿ ಶಕ 556ರ, ಅಂದರೆ ಕ್ರಿ.ಶ. 634-35ರ ಶಾಸನವಿದೆ, ರವಿಕೀರ್ತಿ ಬರೆದದ್ದು. ಇಮ್ಮಡಿ ಪುಲಕೇಶಿಯ ಚರಿತ್ರೆ ನಮಗೆ ದಕ್ಕಿದ್ದು ಬಹುಪಾಲು ಆ ಕಲ್ಲಿನಿಂದ. ಅಂಥ ಒಂದು ಶಾಸನದ ಅಕ್ಷರಗಳು ನಾಲ್ಕು ಮಿಲಿಮೀಟರ್ ಆಳ, ಅವು ಕಲ್ಲಿನ ಮುಖದ ನೂರಕ್ಕೆ ಐದು ಪಾಲು ಎಂದು ಲೆಕ್ಕಕ್ಕೆ ಹಿಡಿಯಿರಿ. ಕುಗ್ಗಿಸುವ ಪ್ರೋಗ್ರಾಮು ಆ ಅಕ್ಷರಗಳನ್ನೆಲ್ಲ ಗೋಡೆಯ ಸಮಕ್ಕೆ ತುಂಬಿಬಿಟ್ಟಿತು, ಉಳಿದ 95 ಪಾಲನ್ನು ಇದ್ದಂತೆ ಇಟ್ಟಿತು. ದೋಷದ ವರ್ಗದ ಸರಾಸರಿ, ನಾಲ್ಕರ ವರ್ಗ ಹದಿನಾರರಲ್ಲಿ ನೂರಕ್ಕೆ ಐದು: 0.8. ಅದರ ವರ್ಗಮೂಲ 0.9 ಮಿಲಿಮೀಟರ್. ವರದಿಯಲ್ಲಿ ಹೀಗೆ ಬರುತ್ತದೆ: ದೋಷ ಒಂದು ಮಿಲಿಮೀಟರಿಗಿಂತ ಕಡಿಮೆ, ಗುಣಮಟ್ಟ ಉತ್ತಮ. ಶಾಸನವೇ ಇಲ್ಲ!

ನಾನು ಕಟ್ಟಿದ ಲೆಕ್ಕ ಇದು; ಯಾವ ಪ್ರೋಗ್ರಾಮೂ ಇಷ್ಟು ಕ್ರೂರವಾಗಿ ಅಕ್ಷರವನ್ನೇ ಹುಡುಕಿ ತುಂಬುವುದಿಲ್ಲ ಎಂದು ನೀವು ವಾದಿಸಬಹುದು. ಹುಡುಕುವುದಿಲ್ಲ, ನಿಜ. ಆದರೆ ಊಹೆಯ ಮೇಲೆ ನಿಂತ ಯಂತ್ರಕ್ಕೆ ನುಣುಪು ಗೋಡೆ ಅಗ್ಗ, ಕೊರೆದ ಗೆರೆ ದುಬಾರಿ. ಬಿಟ್‌ಗಳಿಗೆ ಮಿತಿ ಹಾಕಿದೊಡನೆ ಅದು ದುಬಾರಿಯದ್ದನ್ನೇ ಮೊದಲು ಬಿಡುತ್ತದೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ, ಮೂರನೆಯ ಗುಹೆಯಲ್ಲಿರುವ ಮಂಗಳೇಶನ ಶಕ 500ರ ಶಾಸನ, ಎರಡಕ್ಕೂ ಇದೇ ಅಪಾಯ. ಗರಿಷ್ಠ ದೋಷ ಎಷ್ಟು ಎಂದು ಕೇಳುವ ಇನ್ನೊಂದು ಅಳತೆಯೂ ಇದೆ. ಅದಕ್ಕೆ ಅಕ್ಷರದ ಗೀರೂ ಒಂದೇ, ಯಾರೋ ಮೊನ್ನೆ ಮೊಳೆಯಿಂದ ಕೆತ್ತಿದ ಹೆಸರೂ ಒಂದೇ, ಸ್ಕ್ಯಾನಿನ ಮಧ್ಯೆ ಹಾದುಹೋದ ಮಂಗನ ಬಾಲವೂ ಒಂದೇ. ಬಾದಾಮಿಯಲ್ಲಿ ಮಂಗಗಳ ಮಾತು ತಮಾಷೆಯಲ್ಲ ಎಂದು ಹೋದವರಿಗೆ ಗೊತ್ತು.

ಸ್ಕ್ಯಾನರು ನಿಂತ ಜಾಗದ ಪಕ್ಷಪಾತ ಇನ್ನೊಂದು. ಕಾಲಬುಡದ ನೆಲದಲ್ಲಿ ಬಿಂದುಗಳು ಕಿಕ್ಕಿರಿದಿರುತ್ತವೆ, ದೂರ ಎರಡು ಪಟ್ಟಾದರೆ ದಟ್ಟಣೆ ಕಾಲುಭಾಗ. ಗುಹೆಯ ಬೋಳು ನೆಲಕ್ಕೆ ಕೋಟಿಗಟ್ಟಲೆ ಬಿಂದು ಸಿಕ್ಕು, ಮೇಲಿನ ಕೆತ್ತನೆಗೆ ಬಡತನ ಬಂದಿರುತ್ತದೆ. ಎಲ್ಲ ಕಡೆಯಿಂದಲೂ ಹತ್ತರಲ್ಲಿ ಒಂಬತ್ತು ಬಿಂದು ತೆಗೆದುಹಾಕಿ ಎಂಬ ಆಜ್ಞೆ ಕೊಟ್ಟರೆ ಬಡವನಿಗೇ ಪೆಟ್ಟು.

ಇಳಕಲ್ಲಿಗೆ ಬರೋಣ. ಇಳಕಲ್ ಅಂದಕೂಡಲೇ ಸೀರೆಯ ಎಳೆಗಳನ್ನೂ ಬಿಂದುಗಳನ್ನೂ ಹೋಲಿಸುತ್ತಾನೆ ಎಂದು ನೀವು ಕಾದಿರಬಹುದು. ಇಲ್ಲ, ನಾನು ಕ್ವಾರಿಗೆ ಹೋಗುತ್ತಿದ್ದೇನೆ. ಅಲ್ಲಿನ ಕೆಂಪು ಗ್ರಾನೈಟಿಗೆ ಹೊರದೇಶಗಳಲ್ಲೂ ಹೆಸರಿದೆ. ಎಷ್ಟು ಕಲ್ಲು ತೆಗೆದರು ಎಂದು ತಿಳಿಯಲು ಡ್ರೋನಿನಿಂದ ಎರಡು ಸಲ ಅಳೆದು, ಹಿಂದಿನ ಮೇಲ್ಮೈಯಿಂದ ಇಂದಿನದನ್ನು ಕಳೆಯಬಹುದು. ಇಲ್ಲಿ ಬಣ್ಣ ಬೇಕಿಲ್ಲ, ಮಿಲಿಮೀಟರೂ ಬೇಕಿಲ್ಲ, ಧಾರಾಳವಾಗಿ ಕುಗ್ಗಿಸಬಹುದು ಎನ್ನಿಸುತ್ತದೆ. ಎತ್ತರವನ್ನು 20 ಸೆಂಟಿಮೀಟರಿನ ಮೆಟ್ಟಿಲುಗಳಿಗೆ ಇಳಿಸಿದೆವು ಎನ್ನಿ. ಹತ್ತಿರದ ಮೆಟ್ಟಿಲಿಗೆ ಹೊಂದಿಸಿದರೆ ಕೆಲವು ಬಿಂದು ಮೇಲೆ, ಕೆಲವು ಕೆಳಗೆ. ಒಟ್ಟು ಲೆಕ್ಕದಲ್ಲಿ ಸರಿಹೋಗುತ್ತದೆ. ಪ್ರೋಗ್ರಾಮು ಬರೆದವನು ಉದಾಸೀನ ಮಾಡಿ ಯಾವಾಗಲೂ ಕೆಳಗಿನ ಮೆಟ್ಟಿಲಿಗೇ ಇಳಿಸಿದರೆ, ಸರಾಸರಿ 10 ಸೆಂಟಿಮೀಟರ್ ತಗ್ಗು. ಒಂದು ಹೆಕ್ಟೇರ್ ಕ್ವಾರಿಗೆ ಅದು ಸಾವಿರ ಘನಮೀಟರ್. ಗ್ರಾನೈಟಿನ ಘನಮೀಟರಿಗೆ 2.7 ಟನ್ ಹಿಡಿದರೆ 2,700 ಟನ್. ಎರಡೂ ಸಲದ ಅಳತೆಯನ್ನು ಒಂದೇ ಮೆಟ್ಟಿಲುಗಳಿಗೆ ಇಳಿಸಿದ್ದರೆ ತಪ್ಪು ತಪ್ಪಿಗೆ ವಜಾ. ಮೊದಲಿನದು ಮೂಲ ಪ್ರತಿ, ಎರಡನೆಯದು ಕುಗ್ಗಿಸಿದ ಪ್ರತಿ ಆಗಿದ್ದರೆ? ತೆಗೆಯದ ಕಲ್ಲಿಗೆ ರಾಯಲ್ಟಿ ಕಟ್ಟುವ ಪ್ರಸಂಗ. ಪ್ರತಿಗಳು ಅದಲುಬದಲಾದರೆ ನಷ್ಟ ಸರ್ಕಾರಕ್ಕೆ.

ಈ ಊರಿನಲ್ಲಿ ನಿಂತು ಮುಳುಗಡೆಯ ಮಾತಾಡದೆ ಹೋಗಲಾಗದು. ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲುವುದು 519.60 ಮೀಟರಿಗೆ. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ದಶಾಂಶದ ನಂತರ ಮೂರು ಅಂಕಿಗಳಿರುವ ಈ ಸಂಖ್ಯೆಯನ್ನು ಇಲ್ಲಿನ ರೈತರು ಬಾಯಿಪಾಠ ಹೇಳುತ್ತಾರೆ. ಎರೆಭೂಮಿಯ ಇಳಿಜಾರು ಎಷ್ಟು ಮಂದ ಎಂದು ನಿಮಗೆ ಗೊತ್ತು. ಐನೂರು ಮೀಟರಿಗೆ ಒಂದು ಮೀಟರ್ ಇಳಿಯುವ ಹೊಲದಲ್ಲಿ ಎತ್ತರ 20 ಸೆಂಟಿಮೀಟರ್ ತಪ್ಪಿದರೆ ನೀರಿನ ಗೆರೆ ನೂರು ಮೀಟರ್ ಸರಿಯುತ್ತದೆ. ಒಂದು ಮನೆತನ ಸಂತ್ರಸ್ತರ ಪಟ್ಟಿಯಲ್ಲಿ ಇರುವುದಕ್ಕೂ ಬಿಡುವುದಕ್ಕೂ ಅಷ್ಟು ಸಾಕು. ಕ್ವಾರಿಗೆ ನಡೆದುಹೋಗುವ ಮೆಟ್ಟಿಲು ಇಲ್ಲಿ ನಡೆಯದು. ಹಾಗೆಂದು ಎಲ್ಲ ದಿಕ್ಕಿಗೂ ಬಿಗಿ ಬೇಕಿಲ್ಲ. ಅಡ್ಡಡ್ಡ ಅರ್ಧ ಮೀಟರ್ ತಪ್ಪಿದರೂ ಆ ಇಳಿಜಾರಿನಲ್ಲಿ ಎತ್ತರಕ್ಕೆ ಒಂದೇ ಮಿಲಿಮೀಟರ್ ವ್ಯತ್ಯಾಸ. ಕಳೆಯುವುದಾದರೆ ಅಡ್ಡಡ್ಡ ಕಳೆಯಿರಿ, ಎತ್ತರವನ್ನು ಮುಟ್ಟಬೇಡಿ.

ಪಟ್ಟದಕಲ್ಲಿನದು ಬೇರೆ ಕಥೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಗುಡಿಗಳ ಅಂಗಳಕ್ಕೆ ನುಗ್ಗಿತು. ಮರಳುಗಲ್ಲು ನೀರು ಕುಡಿದು ಒಣಗುವಾಗ ಮೇಲ್ಪದರ ಸಡಿಲವಾಗುವ ಅಪಾಯ ಇದ್ದೇ ಇದೆ. ನೆರೆಗೆ ಮುಂಚೆ ಒಂದು ಸ್ಕ್ಯಾನ್, ನಂತರ ಒಂದು ಸ್ಕ್ಯಾನ್ ಇದ್ದರೆ ಎರಡನೆಯದನ್ನು ಪೂರ್ತಿ ಕಳಿಸುವ ಅಗತ್ಯವಿಲ್ಲ. ಮೊದಲಿನದರಿಂದ ಊಹಿಸಿ, ಬದಲಾದದ್ದನ್ನಷ್ಟೇ ಕಳಿಸಬಹುದು. ಮೊದಲ ಪ್ರತಿಯನ್ನೇ ನಷ್ಟ ಮಾಡಿ ಕುಗ್ಗಿಸಿಟ್ಟಿದ್ದರೆ, ಕಂಡ ವ್ಯತ್ಯಾಸ ಹೊಳೆ ಮಾಡಿದ್ದೋ ಪ್ರೋಗ್ರಾಮು ಮಾಡಿದ್ದೋ ಹೇಳುವವರು ಯಾರು?

ನರಜಾಲಗಳಿಂದ, ಅಂದರೆ ನ್ಯೂರಲ್ ನೆಟ್‌ವರ್ಕ್‌ಗಳಿಂದ, ಕುಗ್ಗಿಸುವ ಹೊಸ ವಿಧಾನಗಳ ಬಗ್ಗೆ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತೀರಿ. ಚಿತ್ರಗಳ ಮಾನದಂಡ ರೂಪಿಸುವ ಜೆಪೆಗ್‌ನ ಪ್ಲೆನೊ ಯೋಜನೆ, ಎಂಪೆಗ್ ಎರಡೂ ಆ ಕಡೆ ಹೊರಟಿವೆ, ಫಲಿತಾಂಶಗಳು ಚೆನ್ನಾಗಿವೆ. ಪರಂಪರೆಯ ಕಲ್ಲಿಗೆ ಅವನ್ನು ಬಳಸಲು ನನಗೆ ಹಿಂಜರಿಕೆ. ಕುರ್ಚಿ, ಕಾರು, ನಡೆಯುವ ಮನುಷ್ಯರನ್ನು ನೋಡಿ ಕಲಿತ ಜಾಲ, ಬಿಟ್ಟು ಹೋದ ಜಾಗವನ್ನು ತನಗೆ ತೋಚಿದಂತೆ ತುಂಬುತ್ತದೆ. ಮುರಿದ ಮೂಗು ನೆಟ್ಟಗಾಗಿ ಬಂದರೆ ನೋಡಲು ಚೆಂದ, ದಾಖಲೆಯಾಗಿ ಸುಳ್ಳು. ಮುಕ್ಕಾದದ್ದೂ ಕಲ್ಲಿನ ಚರಿತ್ರೆಯೇ.

ಹಾಗಾದರೆ ಏನು ಮಾಡಬೇಕು? ಮೂಲ ಪ್ರತಿ ಲಾಸ್‌ಜಿಪ್‌ನಂಥ ಮುಕ್ತ ಮಾದರಿಯಲ್ಲಿ, ಏನೂ ಕಳೆಯದೆ, ಈ ಜಿಲ್ಲೆಯಲ್ಲೇ ಒಂದು ಕಡೆ ಇರಲಿ, ಇನ್ನೆರಡು ಕಡೆ ಅದರ ನಕಲಿರಲಿ. ಇವತ್ತು ಡಿಸ್ಕು ಅಗ್ಗ. ದುಬಾರಿ ಆಗಿರುವುದು ಲೈನು. ಕಳಿಸುವ ಪ್ರತಿಯನ್ನು ಬೇಕಾದಷ್ಟು ಹಗುರ ಮಾಡಿ. ಹುನಗುಂದದ ಹೈಸ್ಕೂಲ್ ಹುಡುಗಿ ಫೋನಿನಲ್ಲಿ ಐಹೊಳೆಯ ದುರ್ಗ ಗುಡಿಯ ಗಜಪೃಷ್ಠ ನೋಡಲು ಆಕ್ಟ್ರೀಯ ಮೊದಲ ಎಂಟು ಹತ್ತು ಹಂತ ಸಾಕು. ಅವಳು ಹತ್ತಿರ ಹೋದ ಕಡೆ ಮಾತ್ರ ಮುಂದಿನ ಹಂತ ಕಳಿಸಿದರಾಯಿತು. ವಿಯೆನ್ನಾದ ಪೊಟ್ರೀ ಎಂಬ ಮುಕ್ತ ತಂತ್ರಾಂಶ ಈ ಕೆಲಸವನ್ನು ಈಗಾಗಲೇ ಬ್ರೌಸರಿನಲ್ಲಿ ಮಾಡುತ್ತಿದೆ. ಶಾಸನದ ಕಲ್ಲುಗಳನ್ನು ಗೋಡೆಯಿಂದ ಬೇರ್ಪಡಿಸಿ, ಬೇರೆ ಫೈಲಿನಲ್ಲಿ, ಮಿಲಿಮೀಟರಿನ ಐದನೆಯ ಒಂದರ ಮೆಟ್ಟಿಲಿನಲ್ಲಿ ಇಡಬೇಕು. ಆ ಗೆರೆ ಎಳೆಯುವಾಗ ಎಂಜಿನಿಯರ್ ಪಕ್ಕದಲ್ಲಿ ಶಾಸನ ಓದಬಲ್ಲವರೊಬ್ಬರು ಕೂತಿರಬೇಕು, ಕ್ವಾರಿಗೆ ಗಣಿ ಇಲಾಖೆಯ ಮೋಜಣಿಯವರು, ಮುಳುಗಡೆಗೆ ಆ ಹೊಲದ ಊರಿನವರು. ನನ್ನ ಸಹೋದ್ಯೋಗಿಗಳಿಗೆ ಈ ಮಾತು ಹಿಡಿಸುವುದಿಲ್ಲ, ಕೆಲಸ ನಿಧಾನವಾಗುತ್ತದೆ ಎನ್ನುತ್ತಾರೆ. ಆಗಲಿ ಬಿಡಿ.

ಕುಗ್ಗಿಸಿದ ಪ್ರತಿ ಫೈಲಿನಲ್ಲೂ ಏನನ್ನು ಕಳೆದೆವು ಎಂಬ ಲಿಖಿತವಿರಲಿ: ಮೆಟ್ಟಿಲು ಎಷ್ಟು, ಹತ್ತಿರಕ್ಕೆ ಹೊಂದಿಸಿದ್ದೋ ಕೆಳಕ್ಕೆ ಇಳಿಸಿದ್ದೋ, ಯಾವ ಭಾಗವನ್ನು ಮುಟ್ಟಿಲ್ಲ, ಹಾಗೆಂದು ಯಾರು ನಿರ್ಧರಿಸಿದರು. ಇದಕ್ಕೆ ಹೊಸ ಮಾನದಂಡಕ್ಕಾಗಿ ಕಾಯಬೇಕಾಗಿಲ್ಲ. ಎಲ್‌ಎಎಸ್ ಫೈಲಿನ ಆರಂಭದಲ್ಲೇ, ಬಿಂದುಗಳಿಗೂ ಮುಂಚೆ, ಬಳಕೆದಾರರ ಟಿಪ್ಪಣಿಗೆಂದು ಜಾಗ ಬಿಟ್ಟಿದ್ದಾರೆ. ಒಂದು ಟಿಪ್ಪಣಿಗೆ 65,535 ಬೈಟ್‌ವರೆಗೆ ಅವಕಾಶ. ಕನ್ನಡದಲ್ಲೇ ಬರೆದರೂ ಹತ್ತು ಪುಟ ಹಿಡಿಸುತ್ತದೆ.